ಕುಂಟಾಬಿಲ್ಲೆಯ ಮನೆಗಳಲ್ಲಿ ರ, ಗ, ಸ, ದ

ಪುಣೆಯ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ನಮ್ಮ ಹುಡುಗನಿಗೆ ಕನ್ನಡ ಚೆನ್ನಾಗಿ ಮಾತಾಡಲು ಬರುತ್ತದೆ, ಓದಲು ಮಾತ್ರ ಬರುವುದಿಲ್ಲ.’ ಹೇಳುವವರ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಸಂಕೋಚ. ವಾಕಡ್, ಹಿಂಜವಡಿ, ಬಾಣೇರ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದ ನಮ್ಮಂಥ ಐಟಿ ಮಂದಿ ಸಾಕಷ್ಟಿದ್ದೇವೆ. ನಾವು ಓದಿದ್ದು ಕನ್ನಡ ಶಾಲೆಗಳಲ್ಲಿ. ನಮ್ಮ ಮಕ್ಕಳಿಗೆ ಕನ್ನಡ ಅಂದರೆ ಅಡುಗೆಮನೆ ಮತ್ತು ಫೋನಿನ ಭಾಷೆ. ಎಂಟು ಒಂಬತ್ತು ವರ್ಷದ ಹೊತ್ತಿಗೆ ಅಕ್ಷರ ಹತ್ತದಿದ್ದರೆ ಅದು ಅಲ್ಲಿಯೇ ನಿಂತುಬಿಡುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಶಾಲೆಯನ್ನು ದೂರುವಂತಿಲ್ಲ. ಮಹಾರಾಷ್ಟ್ರ 2020ರಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡುವ ಕಾನೂನು ತಂದಿತು. ಇಲ್ಲಿ ಬೆಳೆಯುವ ಮಗುವಿಗೆ ಮರಾಠಿ ಬೇಕೇ ಬೇಕು. ಅದರ ಜೊತೆಗೆ ಇಂಗ್ಲಿಷು, ಹಿಂದಿ. ಇನ್ನು ಕನ್ನಡವೂ ಆದರೆ ಮಗು ಸೋತುಹೋಗುತ್ತದೆ ಎಂದು ಹೆದರುವವರಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ: ಮರಾಠಿ, ಹಿಂದಿ ಎರಡಕ್ಕೂ ಲಿಪಿ ಒಂದೇ. ಕನ್ನಡ ನಾಲ್ಕನೇ ಭಾಷೆಯಾದರೂ ಲಿಪಿಯಲ್ಲಿ ಮೂರನೆಯದು. ಅದೂ ಮಾತು ಮೊದಲೇ ಬರುವ ಮಗುವಿಗೆ.

ನನ್ನ ಆರು ವರ್ಷದ ಮಗಳಿಗೆ ಇದು ತುರ್ತಾಗಿದ್ದಕ್ಕೆ ಬೇರೆಯೇ ಕಾರಣವಿದೆ. ಧಾರವಾಡದಲ್ಲಿರುವ ನಮ್ಮವ್ವನಿಗೆ ಎರಡು ವರ್ಷದಿಂದ ಕಿವಿ ಮಂದವಾಗಿದೆ. ಮಗಳು ಅವಳನ್ನು ‘ಆಯಿ’ ಅನ್ನುತ್ತಾಳೆ. (ಇಲ್ಲಿಯ ಗೆಳತಿಯರಿಗೆ ಆಯಿ ಅಂದರೆ ತಾಯಿ, ಆ ಗೊಂದಲದ ಕತೆಯೇ ಬೇರೆ.) ವಿಡಿಯೊ ಕರೆಯಲ್ಲಿ ಮಗಳು ಕೂಗುತ್ತಾಳೆ, ಆಯಿ ನಗುತ್ತಾಳೆ, ಮಾತು ತಲುಪಿರುವುದಿಲ್ಲ. ಕನ್ನಡ ಬಿಟ್ಟು ಬೇರೆ ಅಕ್ಷರ ಗೊತ್ತಿಲ್ಲದ ಆಯಿಗೆ ಉಳಿದಿರುವ ದಾರಿ ಒಂದೇ, ಬರೆದು ಕಳಿಸುವುದು. ಮೊಮ್ಮಗಳಿಗೆ ಆ ಬರಹ ಓದಲು ಬರಬೇಕು.

ದಿನವಿಡೀ ಶಾಲೆ ಮುಗಿಸಿ ಬಂದ ಮಗುವನ್ನು ಮತ್ತೆ ಪಾಟಿಯ ಮುಂದೆ ಕೂರಿಸಿ ‘ಅ ಆ ಇ ಈ’ ತಿದ್ದಿಸಲು ನನಗೆ ಮನಸ್ಸಿರಲಿಲ್ಲ. ವರ್ಣಮಾಲೆಯ ಕ್ರಮ ಶಾಸ್ತ್ರಕ್ಕೆ ಸೊಗಸು, ಆದರೆ ಹದಿನೈದು ಅಕ್ಷರ ಕಲಿತರೂ ಓದಲು ಪದಗಳೇ ಸಿಗುವುದಿಲ್ಲ. ಇದಕ್ಕೆ ಮದ್ದು ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ-ಕಲಿ’ಯಲ್ಲಿ ಅಕ್ಷರಗಳು ರ, ಗ, ಸ, ದ, ಅ ಎಂದು ಆರಂಭವಾಗುತ್ತವೆ. ಐದೇ ಅಕ್ಷರ. ಅಷ್ಟರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಗರಗರ, ಸರಸರ ಬೇರೆ! ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಅವಸರ. ಊರಿನ ಶಿಕ್ಷಕ ಗೆಳೆಯನೊಬ್ಬ ಈ ಕ್ರಮವನ್ನು ಫೋನಿನಲ್ಲಿ ಬರೆಸಿದ. ನಾನು ಅದಕ್ಕೆ ಆಟ ಸೇರಿಸಿದೆ, ಅಷ್ಟೇ.

ಮೊದಲ ಆಟ ಕುಂಟಾಬಿಲ್ಲೆ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಖಡುವಿನಿಂದ ಮನೆ ಬರೆದು ಪ್ರತಿ ಮನೆಯಲ್ಲೂ ಒಂದೊಂದು ಅಕ್ಷರ. ನಾನು ‘ಸರ’ ಎಂದರೆ ‘ಸ’ಕ್ಕೆ ಕುಂಟಿ ‘ರ’ಕ್ಕೆ ಹಾರಬೇಕು. ‘ಗರಗಸ’ಕ್ಕೆ ಗ-ರ-ಗ-ಸ ಎಂದು ಹಿಂದೆ ಮುಂದೆ ಹಾರುವಾಗ ಬೀಳುವುದೇ ಮಜಾ. ಮೂರನೇ ದಿನಕ್ಕೆ ಪಾತ್ರ ಬದಲಾಯಿತು: ಅವಳು ಸುಮ್ಮನೆ ಕುಂಟುತ್ತಾಳೆ, ಯಾವ ಪದ ಎಂದು ನಾನು ಹೇಳಬೇಕು.

ಎರಡನೆಯದು ಚೀಟಿ ಆಟ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕತ್ತರಿಸಿ ಓಡು, ನಗು, ಕುಣಿ, ಮಲಗು, ಹಾರು ಎಂದು ಬರೆದೆ. ಚೀಟಿ ಎತ್ತಿ ಮನಸ್ಸಿನಲ್ಲೇ ಓದಿ, ಬಾಯಿ ಬಿಡದೆ ಮಾಡಿ ತೋರಿಸಬೇಕು. ಈ ಆಟ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಇಲ್ಲಿ ಬಾಯಿಪಾಠ ನಡೆಯುವುದಿಲ್ಲ. ಓದದೇ ಗೆಲ್ಲಬಹುದಾದ ಆಟ ಓದು ಕಲಿಸುವುದಿಲ್ಲ. ಚಿತ್ರ ನೋಡಿ ಗುಂಡಿ ಒತ್ತಿದರೆ ಚಪ್ಪಾಳೆ ಕೇಳಿಸುವ ಆ್ಯಪ್‌ಗಳ ಬಗ್ಗೆ ನನ್ನ ತಕರಾರೂ ಅದೇ. ಮಗು ಚಪ್ಪಾಳೆ ಗಳಿಸುವುದನ್ನು ಬೇಗ ಕಲಿಯುತ್ತದೆ.

ಪುಣೆಯ ಮಕ್ಕಳಿಗೇ ವಿಶೇಷವಾದ ಒಂದು ತೊಡಕಿದೆ. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಮನೆಯಲ್ಲಿ ‘ಬೇಳೆ’ ಸಾರು ಉಣ್ಣುವ ಹುಡುಗಿ ‘ಬೆಳೆ’ಯನ್ನೂ ಬೇಳೆ ಎಂದೇ ಓದುತ್ತಾಳೆ. ಮಾತಿನಲ್ಲಿ ಎಡವದವಳು ಅಕ್ಷರದಲ್ಲಿ ಎಡವುತ್ತಾಳೆ. ಹೀಗಾಗಿ ಜೋಡಿ ಚೀಟಿಗಳು ಬಂದವು: ‘ಕೊಡು’ ಬಂದರೆ ಕೈಯಲ್ಲಿದ್ದುದನ್ನು ಎದುರಿನವರಿಗೆ ಕೊಡಬೇಕು, ‘ಕೋಡು’ ಬಂದರೆ ತಲೆಯ ಮೇಲೆ ಎರಡು ಬೆರಳು. ಚಾಕೊಲೇಟು ಹಿಡಿದು ಆಡಿದರೆ ಹ್ರಸ್ವ-ದೀರ್ಘ ಬಹಳ ಬೇಗ ತಿಳಿಯುತ್ತದೆ.

ದೇವನಾಗರಿಯಿಂದ ಲಾಭವೂ ಇದೆ. ಶಾಲೆಯಲ್ಲಿ ಬಾರಾಖಡಿ ಕಲಿತ ಮಗುವಿಗೆ ಕಾಗುಣಿತ ಎಂದರೇನು ಎಂದು ವಿವರಿಸಬೇಕಿಲ್ಲ. ಅಲ್ಲಿ ‘ಕಿ’ಯ ಗುರುತು ಅಕ್ಷರದ ಎಡಕ್ಕೆ ಬರುತ್ತದೆ, ನಮ್ಮಲ್ಲಿ ತಲೆಯ ಮೇಲೆ ಗುಡಿಸು ಎಂದರೆ ಸಾಕು. ಆದರೂ ಇದು ದೊಡ್ಡ ಗುಡ್ಡವೇ. 34 ವ್ಯಂಜನಗಳಿಗೆ 15 ರೂಪಗಳಂತೆ 510 ಆಕಾರ, ಒತ್ತಕ್ಷರ ಬಿಟ್ಟು. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಅಧ್ಯಯನ ಪ್ರಕಟಿಸಿದ ಸೊನಾಲಿ ನಾಗ್ ಅವರೂ ಇದನ್ನೇ ಕಂಡರು: ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಅಕ್ಷರಗಳ ಮೇಲೆ ಹಿಡಿತ ಬರಲು ಹೆಚ್ಚು ಕಾಲ ಬೇಕು, ಅದು ಪ್ರಾಥಮಿಕ ಶಾಲೆಯ ಕೆಲವು ವರ್ಷ ಸಾಗುವ ಕೆಲಸ. ‘ಮೂರು ತಿಂಗಳಾಯಿತು, ಇನ್ನೂ ಓದುತ್ತಿಲ್ಲ’ ಎಂದು ಗಾಬರಿಯಾಗುವ ಅಪ್ಪ-ಅಮ್ಮಂದಿರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಆಟ ಕೆಲಸಕ್ಕೆ ಬರುವುದೇ ಇಲ್ಲಿ. ಇಷ್ಟು ದಿನ ಬೇಸರವಿಲ್ಲದೆ ಅದೇ ಅಕ್ಷರಗಳ ಮುಖ ನೋಡಲು ಬೇರೆ ಉಪಾಯ ನನಗೆ ತಿಳಿದಿಲ್ಲ. ಕಾಗುಣಿತಕ್ಕೆ ಎರಡು ರಟ್ಟಿನ ಚಕ್ರ ಮಾಡಿದ್ದೇವೆ: ಒಂದರಲ್ಲಿ ವ್ಯಂಜನ, ಇನ್ನೊಂದರಲ್ಲಿ ಸ್ವರ. ತಿರುಗಿಸಿ, ನಿಂತದ್ದನ್ನು ಸೇರಿಸಿ ಓದಬೇಕು.

ಈಗ ಶನಿವಾರ ಸಂಜೆ ನಮ್ಮ ಕಟ್ಟಡದ ಐದು ಮಕ್ಕಳು ಸೇರುತ್ತಾರೆ. ಒಬ್ಬನ ತಂದೆ ಸೊಲ್ಲಾಪುರದವರು, ಅವರಿಗೇ ಕನ್ನಡ ಓದಲು ಬರುತ್ತಿರಲಿಲ್ಲ, ಮಗನ ಜೊತೆ ಚಕ್ರ ತಿರುಗಿಸುತ್ತಾರೆ. ಗಣೇಶೋತ್ಸವದಲ್ಲಿ ಇಲ್ಲಿ ಹೌಸಿ ಇಲ್ಲದೆ ನಡೆಯದು. ನಾವು ಅಂಕಿಯ ಬದಲು ಅಕ್ಷರ ಹಾಕಿ ಆಡಿದೆವು. ಗೆದ್ದವರಿಗೆ ಧಾರವಾಡ ಪೇಢೆ.

ಅಕ್ಷರ ಹತ್ತಿದ ಮೇಲೆ ಓದಲು ಏನಾದರೂ ಬೇಕಲ್ಲ. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಮರಾಠಿ ಮಕ್ಕಳ ಪುಸ್ತಕಗಳ ರಾಶಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಪುಣೆಯವರೇ ಆದ ಮಾಧುರಿ ಪುರಂದರೆ ಅವರ ‘ಲಿಹಾವೇ ನೇಟಕೇ’ಯಂಥ ಭಾಷಾ ಚಟುವಟಿಕೆಯ ಪುಸ್ತಕಗಳು ಕನ್ನಡದಲ್ಲೂ ಬೇಕು. ಸದ್ಯಕ್ಕೆ ನಾವು ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಿಂದ ಉಚಿತ ಕನ್ನಡ ಕತೆಗಳನ್ನು ಇಳಿಸಿಕೊಂಡು ಮುದ್ರಿಸುತ್ತೇವೆ. ಕತೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ, ಮೊದಲ ಹಂತದ್ದು ಪುಟಕ್ಕೆ ಒಂದೆರಡು ಸಾಲಷ್ಟೆ. ಊರಿಗೆ ಹೋದಾಗ ಪುಸ್ತಕ ತರುವುದಂತೂ ಇದ್ದೇ ಇದೆ.

ಒತ್ತಕ್ಷರ ಇನ್ನೂ ಪೂರ್ತಿ ಬಂದಿಲ್ಲ. ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ಅತ್ತೆ, ತಮ್ಮ, ಚಿಕ್ಕಪ್ಪ – ಮನೆಯ ಮಂದಿಯೆಲ್ಲ ಒತ್ತಿನವರೇ. ಆಯಿ ಒಬ್ಬಳೇ ಸಲೀಸು. ಮಗಳು ಎಲ್ಲರಿಗಿಂತ ಮೊದಲು ಓದಿದ್ದು, ಬರೆದದ್ದು ಅವಳನ್ನೇ. ಹೋದ ವಾರ ಕಾಗದದ ಮೇಲೆ ‘ಆಯಿ ನಿನಗ ಕೀವಿ ನೋವು ಐತಿ? ಅಪಪ ಊರಿಗೆ ಬರತಾನ’ ಎಂದು ಬರೆದು, ಫೋಟೊ ತೆಗೆಸಿ ಧಾರವಾಡಕ್ಕೆ ಕಳಿಸಿದಳು. ಸಂಜೆಗೆ ಉತ್ತರ ಬಂತು. ನನ್ನ ತಮ್ಮನ ಫೋನಿನಲ್ಲಿ, ಆಯಿಯ ನಡುಗುವ ಅಕ್ಷರದ ಚೀಟಿ: ‘ನೋವು ಇಲ್ಲ. ನೀನೂ ಬಾ. ನಿಮ್ಮಪ್ಪಗ ಒಂದು ಒತ್ತು ಕೊಡು.’ ಮಗಳು ಬೆರಳಿಟ್ಟು ಓದುತ್ತ ‘ನಿಮ್ಮಪ್ಪಗ’ದ ಬಳಿ ಬಹಳ ಹೊತ್ತು ನಿಂತಳು.