ಹೊಸ ಇಸ್ಪೀಟಾಟಕ್ಕೆ ಒಪ್ಪಿಗೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಅಂದರ್-ಬಾಹರ್‌ಗೆ ಹೊಸ ನಿಯಮ ಸೇರಿಸಿ ಒಂದು ಆಟ ಕಟ್ಟೀನಿ. ಕ್ಯಾಸಿನೋದವರು ತಗೋತಾರೇನ್ರಿ?
– ಓದುಗರೊಬ್ಬರು, ಚಡಚಣ

ಉತ್ತರ: ದಯವಿಟ್ಟು ಊರಲ್ಲಿ ಹಣ ಕಟ್ಟಿಸಿ ಆಡಿಸಿ ನೋಡಬೇಡಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅದು ಜೂಜು; ಕೌಶಲದ ಆಟಕ್ಕಿರುವ ವಿನಾಯಿತಿ ಅದೃಷ್ಟದ ಆಟಕ್ಕಿಲ್ಲ. ಗಡಿ ದಾಟಿದರೂ ಅಷ್ಟೇ. ಮಹಾರಾಷ್ಟ್ರದ 1976ರ ಕ್ಯಾಸಿನೋ ಕಾಯ್ದೆ ಜಾರಿಗೇ ಬರದೆ 2023ರಲ್ಲಿ ರದ್ದಾಯಿತು. ಹತ್ತಿರದ ದಾರಿ ಗೋವಾ. ಅಲ್ಲೂ ಹಡಗಿನ ಕ್ಯಾಸಿನೋಗಳಲ್ಲಿ ಸರ್ಕಾರ ಅಧಿಸೂಚಿಸಿದ ಟೇಬಲ್ ಆಟಗಳಿಗಷ್ಟೇ ಅವಕಾಶ.

ಎಲ್ಲಿಗೆ ಹೋದರೂ ಮೊದಲು ಕೇಳುವುದು ಲೆಕ್ಕ. ಅಂದರ್-ಬಾಹರ್ ಅನ್ನೇ ನೋಡಿ. ಮೊದಲ ಎಲೆ ಅಂದರ್ ಕಡೆ ಬಿದ್ದರೆ ಆ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ 51.5. ಎರಡೂ ಕಡೆ ಸಮ ಹಣ ಕೊಟ್ಟರೆ ಅಂದರ್ ಹಿಡಿದವರಿಗೇ ಲಾಭ, ಆಡಿಸುವವರು ಮುಳುಗುತ್ತಾರೆ. ಅದಕ್ಕೇ ಕ್ಯಾಸಿನೋಗಳು ಸಾಮಾನ್ಯವಾಗಿ ಅಂದರ್ ಗೆದ್ದರೆ ನೂರಕ್ಕೆ ತೊಂಬತ್ತು, ಬಾಹರ್ ಗೆದ್ದರೆ ನೂರಕ್ಕೆ ನೂರು ಕೊಡುತ್ತವೆ. ಆಗ ಕ್ಯಾಸಿನೋಗೆ ಉಳಿಯುವುದು ಅಂದರ್‌ನಲ್ಲಿ ಸುಮಾರು ಶೇ 2.15, ಬಾಹರ್‌ನಲ್ಲಿ ಶೇ 3. ನೀವು ಸೇರಿಸಿದ ನಿಯಮ ಈ ಅಂಕಿಯನ್ನು ಎಷ್ಟು ಕದಲಿಸುತ್ತದೆ ಎಂಬುದನ್ನು ಗಣಿತ ಬಲ್ಲವರಿಂದ ಬರೆಸಿಡಿ.

ಅಮೆರಿಕದ ನೆವಾಡಾದಲ್ಲಿ ಈ ಲೆಕ್ಕದ ಜೊತೆಗೆ ಕ್ಯಾಸಿನೋದಲ್ಲೇ ಪ್ರಾಯೋಗಿಕ ಆಟವೂ ನಡೆಯಬೇಕಾಗಬಹುದು. ಒಪ್ಪಿಗೆ ಸಿಕ್ಕರೂ ಟೇಬಲ್ಲಿಗೆ ಜನ ಬರಬೇಕಲ್ಲ, ಕಠಿಣವಾದದ್ದು ಅದೇ. ಡೆರೆಕ್ ವೆಬ್ 1994ರಲ್ಲಿ ರೂಪಿಸಿದ ಥ್ರೀ ಕಾರ್ಡ್ ಪೋಕರ್ ಹಬ್ಬಿದ್ದು ಬೇಗ ಕಲಿಯಬಹುದಾದ ಆಟವಾದ್ದರಿಂದ. ನಿಮ್ಮ ನಿಯಮವನ್ನು ಇಸ್ಪೀಟು ಬಲ್ಲವರೊಬ್ಬರಿಗೆ ಹೇಳಿ ನೋಡಿ. ಎರಡನೇ ಸಲ ವಿವರಿಸಬೇಕಾದರೆ ಅದನ್ನು ಇನ್ನಷ್ಟು ಸರಳ ಮಾಡಿ.