ಅರ್ಧ ಸುತ್ತು ತಿರುಗಿದರೆ ಸಾಕು

ಬೆಳೆದ ಗ್ರೇಟ್ ಡೇನ್ ಗಂಡುನಾಯಿ 60, 70 ಕಿಲೊ ತೂಗುತ್ತದೆ. ಅಂಥ ಪ್ರಾಣಿಯನ್ನು ಕೆಲವೇ ಗಂಟೆಗಳಲ್ಲಿ ನೆಲಕ್ಕೆ ಕೆಡವಲು ಅದರ ಜಠರ ಅರ್ಧ ಸುತ್ತು ಹೊರಳಿದರೆ ಸಾಕು.

ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಿಗೆ ಈ ಕಂಟಕ ಹೆಚ್ಚು. ನಮ್ಮ ಊರುಗಳಲ್ಲಿ ಧಾರಾಳವಾಗಿ ಕಾಣುವ ಜರ್ಮನ್ ಷೆಫರ್ಡ್ ಕೂಡ ಆ ಸಾಲಿನದೇ. ಗಾಳಿ ತುಂಬಿ ಊದಿದ ಜಠರ ಸಾಮಾನ್ಯವಾಗಿ 180ರಿಂದ 270 ಡಿಗ್ರಿ, ಕೆಲವೊಮ್ಮೆ ಪೂರ್ತಿ 360 ಡಿಗ್ರಿ ತಿರುಚಿಕೊಳ್ಳುತ್ತದೆ. ಮೇಲಿನ ದಾರಿಯೂ ಬಂದ್, ಕೆಳಗಿನದೂ ಬಂದ್. ಗುಲ್ಮವೂ ಜೊತೆಗೇ ಎಳೆದುಕೊಂಡು ತಿರುಗುತ್ತದೆ. ಉಬ್ಬಿದ ಜಠರ ದೇಹದ ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ. ಹೃದಯ ಓಡುತ್ತಲೇ ಇರುತ್ತದೆ, ಆದರೆ ಅದಕ್ಕೆ ತಲುಪುವ ರಕ್ತವೇ ಕಡಿಮೆ.

ಹೊರಗೆ ಕಾಣುವುದು ಇಷ್ಟೇ: ನಾಯಿ ಕೂತಲ್ಲಿ ಕೂರದು, ಮತ್ತೆ ಮತ್ತೆ ವಾಕರಿಸುತ್ತದೆ, ಜೊಲ್ಲಿನ ಹೊರತು ಏನೂ ಬರುವುದಿಲ್ಲ. ಪಕ್ಕೆಯ ಹಿಂದೆ ಬೆರಳಿಂದ ತಟ್ಟಿದರೆ ತಮಟೆಯ ಸದ್ದು. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ. ಚಿಕಿತ್ಸೆ ಸಿಗದ ನಾಯಿ ಬಹುತೇಕ ಉಳಿಯುವುದೇ ಇಲ್ಲ. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆಯಾದರೆ ನೂರಕ್ಕೆ 70ರಿಂದ 90 ಬದುಕುತ್ತವೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲಾರೆನ್ಸ್ ಗ್ಲಿಕ್‌ಮನ್ ತಂಡ 1990ರ ದಶಕದಲ್ಲಿ 11 ತಳಿಗಳ 1,900ಕ್ಕೂ ಹೆಚ್ಚು ನಾಯಿಗಳ ಜಾಡು ಹಿಡಿದು ಲೆಕ್ಕವಿಟ್ಟಿತು. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವಕ್ಕೆ ಈ ಕಾಯಿಲೆ ಬಂದಿದ್ದರೆ ಅಪಾಯ ಶೇ 63ರಷ್ಟು ಹೆಚ್ಚು. ನನ್ನನ್ನು ತೀರಾ ಕಲಕಿದ್ದು ಇನ್ನೊಂದು ಅಂಕಿ. ಪಾಪ, ದೊಡ್ಡ ನಾಯಿ ಬಗ್ಗಿ ತಿನ್ನುವ ಕಷ್ಟವೇಕೆಂದು ಮನೆಯವರು ಬಟ್ಟಲನ್ನು ಎತ್ತರದ ಸ್ಟ್ಯಾಂಡಿನ ಮೇಲಿಡುತ್ತಾರಲ್ಲ, ಹಾಗೆ ಉಣ್ಣುವ ನಾಯಿಗಳಲ್ಲಿ ಅಪಾಯ ಶೇ 110ರಷ್ಟು ಹೆಚ್ಚಿತ್ತು! ಆಮೇಲಿನ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ಬಟ್ಟಲು ನೆಲದ ಮೇಲೇ ಇರಲಿ ಎಂಬುದು ನನ್ನ ಮಾತು.

ತಿರುಚಿದ ಜಠರವನ್ನು ಬರೀ ಬಿಡಿಸಿ ಬಿಟ್ಟರೆ ಅರ್ಧಕ್ಕೂ ಹೆಚ್ಚು ನಾಯಿಗಳಲ್ಲಿ ಅದು ಮತ್ತೆ ಹೊರಳುತ್ತದೆ. ಜಠರವನ್ನು ಹೊಟ್ಟೆಯ ಬಲಗೋಡೆಗೆ ಹೊಲಿದುಬಿಟ್ಟರೆ ಮರುಕಳಿಸುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಇದನ್ನೇ ಮುಂಜಾಗ್ರತೆಯಾಗಿ ಮಾಡಿಸಿದರೆ ಗ್ರೇಟ್ ಡೇನ್‌ಗಳಲ್ಲಿ ಈ ಕಾಯಿಲೆಯ ಸಾವು 29 ಪಟ್ಟಿಗೂ ಮೀರಿ ಇಳಿಯುತ್ತದೆಂದು 2003ರ ಒಂದು ಅಂದಾಜು ಹೇಳಿತು. ಕೆಲವೇ ಸೆಂಟಿಮೀಟರ್ ಹೊಲಿಗೆ! ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಾಗಲೇ ಇದನ್ನೂ ಮಾಡಿಸಬಹುದು. ದೊಡ್ಡ ತಳಿಯ ಮರಿ ತಂದವರು ಮೊದಲ ಲಸಿಕೆಗೆ ಹೋದ ದಿನವೇ ವೈದ್ಯರಲ್ಲಿ ಈ ಮಾತು ಎತ್ತಲಿ.