ಜೋಗದ ನೀರು ಎಷ್ಟು ವೇಗದಲ್ಲಿ ಬೀಳುತ್ತದೆ? ಶಕ್ತಿಯ ಲೆಕ್ಕದ ಒಳಗುಟ್ಟು

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ 'ಕೆಲಸ, ಶಕ್ತಿ ಮತ್ತು ಸಾಮರ್ಥ್ಯ' ಅಧ್ಯಾಯ ಬಂತೆಂದರೆ ವಿದ್ಯಾರ್ಥಿಗಳು ಸೂತ್ರಗಳನ್ನು ಕಂಠಪಾಠ ಮಾಡಲು ತೊಡಗುತ್ತಾರೆ. ಪ್ರಚ್ಛನ್ನ ಶಕ್ತಿ ಎಂದರೆ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ. ಚಲನ ಶಕ್ತಿ ಎಂದರೆ ದ್ರವ್ಯರಾಶಿ ಹಾಗೂ ವೇಗದ ವರ್ಗದ ಗುಣಲಬ್ಧದ ಅರ್ಧ. ಇಷ್ಟು ಬಂದರೆ ಲೆಕ್ಕ ಬಂದಂತೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದೊಡನೆ ಜಾಣ ವಿದ್ಯಾರ್ಥಿಯೂ ತಡವರಿಸುವುದುಂಟು.

ಜೋಗದ ಜಲಪಾತವನ್ನೇ ತೆಗೆದುಕೊಳ್ಳಬಹುದು. ಎತ್ತರ 253 ಮೀಟರ್. ನೆತ್ತಿಯಲ್ಲಿ ನಿಧಾನವಾಗಿ ಹೊರಟ ನೀರು ತಳ ಮುಟ್ಟುವಾಗ ಅದರ ವೇಗವೆಷ್ಟು? 'ನೀರಿನ ದ್ರವ್ಯರಾಶಿ ಕೊಟ್ಟಿಲ್ಲವಲ್ಲ' ಎಂಬುದು ತರಗತಿಯಲ್ಲಿ ಏಳುವ ಮೊದಲ ಆಕ್ಷೇಪ. ಅದು ಬೇಕಾಗಿಯೇ ಇಲ್ಲ. ಮೇಲಿನ ಪ್ರಚ್ಛನ್ನ ಶಕ್ತಿಯನ್ನು ಕೆಳಗಿನ ಚಲನ ಶಕ್ತಿಗೆ ಸಮೀಕರಿಸಿದಾಗ ದ್ರವ್ಯರಾಶಿ ಎರಡೂ ಬದಿಯಲ್ಲಿದ್ದು ಹೊಡೆದುಹೋಗುತ್ತದೆ. ಉಳಿಯುವ ಉತ್ತರ ಸೆಕೆಂಡಿಗೆ ಸುಮಾರು 70.4 ಮೀಟರ್, ಅಂದರೆ ಗಂಟೆಗೆ 253 ಕಿಲೋಮೀಟರ್. (ಮೀಟರಿನ ಅಂಕಿ ಇಲ್ಲಿಯೂ ಬಂದಿರುವುದು ಕೇವಲ ಆಕಸ್ಮಿಕ.)

ಇನ್ನೊಂದು ಪ್ರಶ್ನೆ: ಅರ್ಧ ದಾರಿಯಲ್ಲಿ ವೇಗವೆಷ್ಟು? ಹಲವರ ಉತ್ತರ 'ಅರ್ಧ'. ಅಲ್ಲಿ ಅರ್ಧವಾಗಿರುವುದು ಚಲನ ಶಕ್ತಿಯೇ ಹೊರತು ವೇಗವಲ್ಲ. ಶಕ್ತಿಯು ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಅರ್ಧ ಎತ್ತರದಲ್ಲೇ ನೀರು ಸೆಕೆಂಡಿಗೆ 50 ಮೀಟರಿನಷ್ಟು ವೇಗ ಪಡೆದಿರುತ್ತದೆ. ಎತ್ತರವನ್ನು ಎಲ್ಲಿಂದ ಅಳೆಯಬೇಕೆಂಬ ಗೊಂದಲವೂ ಸಾಮಾನ್ಯ. ಎಲ್ಲಿಂದಲಾದರೂ ಅಳೆಯಬಹುದು, ಎರಡು ಸ್ಥಾನಗಳ ನಡುವಣ ವ್ಯತ್ಯಾಸವಷ್ಟೇ ಮುಖ್ಯ.

ವಾಸ್ತವದಲ್ಲಿ ಜೋಗದ ನೀರು ಆ ವೇಗದಲ್ಲಿ ತಳ ಮುಟ್ಟುವುದಿಲ್ಲ. ಗಾಳಿಯ ಪ್ರತಿರೋಧಕ್ಕೆ ಸಿಲುಕಿ ತುಂತುರಾಗಿ ಚದುರುತ್ತದೆ. ಪ್ರಶ್ನೆಪತ್ರಿಕೆಯ 'ಘರ್ಷಣೆಯನ್ನು ಕಡೆಗಣಿಸಿ' ಎಂಬ ಪುಟ್ಟ ವಾಕ್ಯ ಮರೆಮಾಡುವುದು ಇದನ್ನೇ. ಹಾಗಾದರೆ ಆ ಶಕ್ತಿ ಎಲ್ಲಿ ಹೋಯಿತು? ಬಹುಪಾಲು ಶಾಖವಾಯಿತು. ಅದೆಲ್ಲವೂ ನೀರಿನಲ್ಲೇ ಉಳಿದರೆ ಉಷ್ಣತೆ ಏರುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಶಕ್ತಿಯ ಮಾನಕ್ಕೆ ಹೆಸರು ಕೊಟ್ಟ ಜೇಮ್ಸ್ ಜೌಲ್ 1847ರಲ್ಲಿ ಆಲ್ಪ್ಸ್ ಪ್ರದೇಶದ ಜಲಪಾತವೊಂದರಲ್ಲಿ ಈ ಏರಿಕೆಯನ್ನೇ ಅಳೆಯಲು ಥರ್ಮಾಮೀಟರ್ ಹಿಡಿದು ಹೊರಟಿದ್ದರೆಂದು ವಿಜ್ಞಾನಿ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾರೆ. ಆಗ ಅವರು ಮದುವೆಯಾದ ಹೊಸತು!

ಅದೇ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನಿಗೆ ಹಾಯಿಸಿದರೆ ಶಕ್ತಿ ವಿದ್ಯುತ್ತಾಗುತ್ತದೆ. ಜೋಗದ ಬಳಿಯ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1940ರ ದಶಕದ ಕೊನೆಯಿಂದ ಮಾಡುತ್ತ ಬಂದಿರುವುದು ಇದನ್ನೇ. ಸಾವಿರ ಲೀಟರ್ ನೀರು 253 ಮೀಟರ್ ಇಳಿದರೆ ದೊರೆಯುವುದು 24.8 ಲಕ್ಷ ಜೌಲ್. ದೊಡ್ಡ ಸಂಖ್ಯೆಯೇನೋ ಹೌದು, ಆದರೆ ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಸ್ವಲ್ಪವೂ ನಷ್ಟವಾಗದಿದ್ದರೂ ಒಂದು ಟ್ಯಾಂಕ್ ನೀರಿನಿಂದ 0.69 ಯೂನಿಟ್ ಮಾತ್ರ ಸಿಗುತ್ತದೆ.

ಮಾದರಿ ಲೆಕ್ಕಗಳಲ್ಲಿ ಚೆಂಡು, ಲೋಲಕ, ಇಳಿಜಾರುಗಳೇ ತುಂಬಿರುವುದರಿಂದ ಈ ಅಧ್ಯಾಯಕ್ಕೂ ಬದುಕಿಗೂ ನಂಟಿಲ್ಲವೆಂಬ ಭಾವನೆ ಮೂಡುತ್ತದೆ. ಕಾಲೇಜಿಗೆ ಬೈಕಿನಲ್ಲಿ ಬರುವ ವಯಸ್ಸಿನವರಿಗೆ ಕೊಡಬೇಕಾದ ಅಭ್ಯಾಸ ಬೇರೆಯೇ ಇದೆ: ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದು ಎಷ್ಟು ಎತ್ತರದಿಂದ ಬಿದ್ದುದಕ್ಕೆ ಸಮ? ಇಲ್ಲಿಯೂ ದ್ರವ್ಯರಾಶಿ ಬೇಕಿಲ್ಲ; ಉತ್ತರ ಸುಮಾರು 3.5 ಮೀಟರ್. ವೇಗ 60ಕ್ಕೆ ಏರಿದರೆ ಅದು 7 ಆಗುವುದಿಲ್ಲ. 14 ಮೀಟರ್ ಆಗುತ್ತದೆ, ಅಂದರೆ ನಾಲ್ಕು ಮಹಡಿಗೂ ಮಿಗಿಲು. ಅದೇ ರಸ್ತೆಯಲ್ಲಿ, ಅದೇ ಬಲದಿಂದ ಬ್ರೇಕ್ ಒತ್ತಿದರೂ ಬೈಕು ನಿಲ್ಲಲು ಬೇಕಾಗುವ ದೂರ ಕೂಡ ನಾಲ್ಕು ಪಟ್ಟು.